ರಾತ್ರಿ ಎರಡು ಗಂಟೆಗೆ ಫೋನು ಯಾಕೆ ಬಡ್ಕೊಳ್ಬೇಕು?

ನಮ್ಮ ಕಾಸರಗೋಡಿನ ನೀರ್ಚಾಲು, ಬದಿಯಡ್ಕ ಕಡೆಯ ಹುಡುಗರು ಎಂಜಿನಿಯರಿಂಗ್ ಮುಗಿಸಿದ ಕೂಡಲೇ ನನಗೊಂದು ಮೆಸೇಜ್ ಹಾಕುತ್ತಾರೆ. "ಅಕ್ಕ, ಡೆವ್‌ಆಪ್ಸ್‌ಗೆ ಏನೇನು ಕಲೀಬೇಕು? ಒಂದು ಲಿಸ್ಟ್ ಕೊಡಿ."

ಡೆವ್‌ಆಪ್ಸ್ ಅಂದರೆ ಸಾಫ್ಟ್‌ವೇರನ್ನು ಸರ್ವರ್‌ಗಳಿಗೆ ಹಾಕಿ, ಅದು ನಿಲ್ಲದ ಹಾಗೆ ನೋಡಿಕೊಳ್ಳುವ ಕೆಲಸ. ಲಿಸ್ಟ್ ಕೊಡುವುದು ಸುಲಭ. ಲಿನಕ್ಸ್ ಚೆನ್ನಾಗಿ ಬರಬೇಕು. ಕೋಡಿನ ಪ್ರತಿ ಬದಲಾವಣೆಯನ್ನೂ ಬರೆದಿಡುವ ಗಿಟ್ ಬೇಕು. ಡಾಕರ್, ಕುಬರ್ನೆಟಿಸ್ ನೋಡಿರಬೇಕು. ಸರ್ವರ್ ಕಟ್ಟುವುದಕ್ಕೆ ಟೆರಾಫಾರ್ಮ್ ಅಥವಾ ಓಪನ್‌ಟೋಫು, ಅದರೊಳಗೆ ಸೆಟ್ಟಿಂಗ್ ಮಾಡುವುದಕ್ಕೆ ಆನ್ಸಿಬಲ್. 2023ರಲ್ಲಿ ಟೆರಾಫಾರ್ಮ್‌ನ ಲೈಸೆನ್ಸ್ ಬದಲಾದಾಗ ಅದರಿಂದ ಒಡೆದು ಬಂದದ್ದೇ ಓಪನ್‌ಟೋಫು. ಒಂದು ಕಲಿತರೆ ಇನ್ನೊಂದು ಬಂದ ಹಾಗೇ. ಸರ್ವರ್‌ಗಳ ಮೇಲೆ ಕಣ್ಣಿಡುವ ಮಾನಿಟರಿಂಗ್‌ಗೆ ಪ್ರೊಮೀಥಿಯಸ್, ಗ್ರಾಫ್ ನೋಡಲು ಗ್ರಫಾನಾ. ಇಷ್ಟು ಬರೆದು ಕಳಿಸಿದರೆ ಅವರಿಗೆ ಖುಷಿ.

ಆದರೆ ಕೆಲಸಕ್ಕೆ ಸೇರಿದ ಮೇಲೆ ನಿಮ್ಮ ನಿದ್ದೆ ಉಳಿಯುತ್ತದೋ ಇಲ್ಲವೋ ಅನ್ನುವುದು ಈ ಲಿಸ್ಟಿನಲ್ಲಿ ಯಾವುದರಿಂದಲೂ ತೀರ್ಮಾನ ಆಗುವುದಿಲ್ಲ. ಅದು ತೀರ್ಮಾನ ಆಗುವುದು ಯಾರೂ ತೆರೆದು ನೋಡದ ಒಂದು ಯಾಮಲ್ (ಸೆಟ್ಟಿಂಗ್ ಬರೆದಿಡುವ) ಫೈಲಿನಲ್ಲಿ. ಅಲರ್ಟ್ ರೂಲ್ಸ್ ಇರುವ ಫೈಲು. ಯಾವುದಕ್ಕೆ ಮನುಷ್ಯರನ್ನು ಎಬ್ಬಿಸಬೇಕು, ಯಾವುದಕ್ಕೆ ಬೇಡ ಅನ್ನುವುದು ಅಲ್ಲಿರುತ್ತದೆ. ನನ್ನ ಕೆಲಸದಲ್ಲಿ ಬೇರೆಲ್ಲದಕ್ಕಿಂತ ಜಾಸ್ತಿ ತಲೆ ಕೆಡಿಸಿಕೊಂಡಿರುವುದು ಇದರ ಬಗ್ಗೆಯೇ. ಹಾಗಾಗಿ ಇವತ್ತು ಅದನ್ನೇ ಬರೆಯುತ್ತೇನೆ.

ನಮ್ಮ ಕಂಪನಿ ಇರುವುದು ಬೆಂಗಳೂರಿನಲ್ಲಿ. ಕೋವಿಡ್ ಸಮಯದಲ್ಲಿ ಊರಿಗೆ ಬಂದವಳು ನಾನು ಮತ್ತೆ ಹೋಗಲಿಲ್ಲ. ನಾವು ಮಾಡುವುದು ಸಣ್ಣ ಅಂಗಡಿಗಳಿಗೆ ಬಿಲ್ ಹಾಕುವ ಸಾಫ್ಟ್‌ವೇರ್. ದಿನಸಿ ಅಂಗಡಿ, ಬೇಕರಿ, ಮೆಡಿಕಲ್, ಹಾರ್ಡ್‌ವೇರ್. ಸಂಜೆ ಆರರಿಂದ ಒಂಬತ್ತರವರೆಗೆ ನಮ್ಮ ಸರ್ವರ್‌ಗಳಿಗೆ ಉಸಿರಾಡಲು ಪುರುಸೊತ್ತಿಲ್ಲ. ರಾತ್ರಿ ಎರಡಕ್ಕೆ ಬಿಲ್ ಹಾಕುವವರು ಆಸ್ಪತ್ರೆ ಪಕ್ಕದ ಮೆಡಿಕಲ್‌ನವರು ಮಾತ್ರ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ನಾನು ತಂಡಕ್ಕೆ ಬಂದಾಗ ಒಂದು ಅಲರ್ಟ್ ಇತ್ತು. ಸಿಪಿಯು ಶೇ. 80 ದಾಟಿ ಐದು ನಿಮಿಷ ಆದರೆ ಆನ್‌ಕಾಲ್‌ನಲ್ಲಿ, ಅಂದರೆ ತೊಂದರೆ ಬಂದರೆ ಏಳುವ ಪಾಳಿಯಲ್ಲಿ, ಇರುವವರಿಗೆ ಫೋನು. ಡೇಟಾಬೇಸ್ ಸರ್ವರ್‌ನಲ್ಲಿ ರಾತ್ರಿ ಎರಡಕ್ಕೆ ಬ್ಯಾಕಪ್ ಶುರು. ಬ್ಯಾಕಪ್ ಅಂದರೆ ಡೇಟಾವನ್ನು ಅದುಮಿ ಸಣ್ಣದು ಮಾಡಬೇಕು, ಅದಕ್ಕೆ ಸಿಪಿಯು ಬೇಕು. ಹಾಗಾಗಿ ದಿನಾ ಎರಡು ಗಂಟೆ ದಾಟಿದ ಕೂಡಲೇ ಫೋನು. ಎದ್ದು ನೋಡಿದರೆ ಬ್ಯಾಕಪ್ ನಡೆಯುತ್ತಿದೆ. ಕೊಟ್ಟ ದುಡ್ಡಿಗೆ ಸಿಪಿಯು ಕೆಲಸ ಮಾಡುತ್ತಿದೆ, ಅಷ್ಟೇ. ನೋಡಿ, ಫೋನು ಸಿಕ್ಕಿತು ಅಂತ ತಿಳಿಸುವ ಅಕ್ನಾಲೆಜ್ ಒತ್ತಿ, ಮಲಗುವುದು. ಈ ರೂಲ್ ಯಾರು ಬರೆದದ್ದು ಅಂತ ಗಿಟ್‌ನಲ್ಲಿ ಹುಡುಕಿದರೆ ಕೆಲಸ ಬಿಟ್ಟು ಹೋದ ಯಾರದೋ ಹೆಸರು. ಯಾಕೆ 80? ಯಾರಿಗೂ ಗೊತ್ತಿಲ್ಲ. ತೆಗೆಯೋಣವಾ ಅಂದರೆ ಎಲ್ಲರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ತೆಗೆದ ಮಾರನೇ ದಿನ ಏನಾದರೂ ಆದರೆ?

ನಮ್ಮ ಮಾವನಿಗೆ ಇದರ ಕಾಟ ನನಗಿಂತ ಜಾಸ್ತಿ. ಹಳೆಯ ಮನೆ, ಒಂದು ಕೋಣೆಯಲ್ಲಿ ಸದ್ದಾದರೆ ಚಾವಡಿಗೂ ಕೇಳುತ್ತದೆ. "ನಿನ್ನ ಫೋನು ರಾತ್ರಿ ಇಡೀ ಎಂತಕ್ಕೆ ಬಡ್ಕೊಳ್ತದೆ? ಕಂಪನಿಯವರಿಗೆ ನಿದ್ದೆ ಇಲ್ವಾ?" ಅಂತ ಕೇಳಿದರು. ವಿವರಿಸಿದೆ. ಪೂರ್ತಿ ಕೇಳಿ ಅವರು ತಮ್ಮ ಪಂಪಿನ ಕತೆ ಹೇಳಿದರು.

ಅಡಿಕೆ ತೋಟ ಇರುವವರಿಗೆ ಮೊಬೈಲ್ ಸ್ಟಾರ್ಟರ್ ಗೊತ್ತಿರುತ್ತದೆ. ಪಂಪ್‌ಶೆಡ್‌ನ ಪ್ಯಾನಲ್ಲಿಗೆ ಒಂದು ಪೆಟ್ಟಿಗೆ, ಅದರೊಳಗೆ ಒಂದು ಸಿಮ್. ಕರೆಂಟು ಬಂದರೆ ನಿಮಗೆ ಫೋನ್ ಮಾಡುತ್ತದೆ. ನೀವು ವಾಪಸ್ ಮಾಡಿದರೆ ಮೋಟಾರ್ ಆನ್. ಬೇಸಿಗೆಯಲ್ಲಿ ಅದರಷ್ಟು ಉಪಕಾರ ಮಾಡುವ ವಸ್ತು ಬೇರಿಲ್ಲ. ಆದರೆ ಆಟಿ ತಿಂಗಳಲ್ಲಿ? ಮಳೆಗೆ ಕರೆಂಟು ಹೋಗುವುದು, ಬರುವುದು, ಹೋಗುವುದು, ಬರುವುದು. ಪ್ರತಿ ಸಲ ಪೆಟ್ಟಿಗೆ ಫೋನ್ ಮಾಡುತ್ತದೆ. ಅಡಿಕೆ ಮರದ ಬುಡದಲ್ಲಿ ನೀರು ನಿಂತಿದೆ, ಪಂಪ್ ಯಾರಿಗೆ ಬೇಕು? ಮಾವ ಸಿಮ್ ತೆಗೆದು ಡಬ್ಬಿಗೆ ಹಾಕಿದರು. "ಬೇಸಿಗೆ ಬರ್ಲಿ, ಮತ್ತೆ ಹಾಕ್ತೇನೆ."

ಅಲರ್ಟ್ ಬಗ್ಗೆ ನಾನು ಕೇಳಿದ ಎಷ್ಟೋ ಕಾನ್ಫರೆನ್ಸ್ ಭಾಷಣಗಳಿಗಿಂತ ಇದು ಚೆನ್ನಾಗಿದೆ ಅನಿಸಿತು. ಕರೆಂಟು ಬಂತು ಅನ್ನುವ ಸುದ್ದಿ ನಿಜವೇ. ಸುಳ್ಳಲ್ಲ. ಆದರೆ ಕೇಳಿದವರು ಅದಕ್ಕೆ ಮಾಡಬೇಕಾದ್ದು ಏನೂ ಇಲ್ಲ. ನಮ್ಮ ಸಿಪಿಯು ಅಲರ್ಟೂ ನಿಜವೇ ಹೇಳುತ್ತಿತ್ತು. ನಾವು ಸಿಮ್ ತೆಗೆಯುವ ಹಾಗಿಲ್ಲ, ಆದ್ದರಿಂದ ಮನಸ್ಸಿನಲ್ಲೇ ತೆಗೆದಿದ್ದೆವು. ಫೋನು ಬಂದರೆ ಕಣ್ಣು ತೆರೆಯದೆ ಅಕ್ನಾಲೆಜ್ ಒತ್ತುವ ಅಭ್ಯಾಸ. ಅಪಾಯ ಇರುವುದೇ ಇಲ್ಲಿ. ನಿಜವಾಗಿ ಬೆಂಕಿ ಬಿದ್ದ ದಿನವೂ ಬೆರಳು ಅದನ್ನೇ ಒತ್ತುತ್ತದೆ.

ಎಸ್‌ಆರ್‌ಇ (ಸೈಟ್ ರಿಲಯಬಿಲಿಟಿ ಎಂಜಿನಿಯರಿಂಗ್) ಅಂತ ಇವತ್ತು ಎಲ್ಲರೂ ಹೇಳುವ ಕೆಲಸ ಗೂಗಲ್‌ನಲ್ಲಿ 2003ರ ಸುಮಾರಿಗೆ ಶುರುವಾಯಿತು. ಬೆನ್ ಟ್ರೇನರ್ ಸ್ಲಾಸ್ ಅನ್ನುವವರು ಕಟ್ಟಿದ ತಂಡ. ಸರ್ವರ್ ನೋಡಿಕೊಳ್ಳುವ ಕೆಲಸವನ್ನು ಸಾಫ್ಟ್‌ವೇರ್ ಬರೆಯುವವರ ಕೈಗೆ ಕೊಟ್ಟರೆ ಏನಾಗುತ್ತದೆ ಅಂತ ನೋಡಿದರು. ಅವರಿಂದ ಬಂದ ಎರಡು ವಿಷಯ ನಮಗೆ ಉಪಯೋಗಕ್ಕೆ ಬಂತು.

ಮೊದಲನೆಯದು, ಕಾರಣ ನೋಡಿ ಎಬ್ಬಿಸಬೇಡಿ, ಲಕ್ಷಣ ನೋಡಿ ಎಬ್ಬಿಸಿ. ಸಿಪಿಯು, ಮೆಮೊರಿ, ಥ್ರೆಡ್‌ಗಳ ಲೆಕ್ಕ ಎಲ್ಲ ಒಳಗಿನ ಸಂಗತಿ. ಅಂಗಡಿಯವನಿಗೆ ಬೇಕಾದ್ದು ಬಿಲ್ ಬೇಗ ಬರುತ್ತದಾ, ಸರಿ ಬರುತ್ತದಾ ಅನ್ನುವುದು. ಸಿಪಿಯು 95 ಇದ್ದು ಬಿಲ್ ಅರ್ಧ ಸೆಕೆಂಡಿನಲ್ಲಿ ಬಂದರೆ ಯಾರಿಗೆ ತೊಂದರೆ? ಸಿಪಿಯು 5 ಇದ್ದು ಬಿಲ್ ಬರದೇ ಇದ್ದರೆ ಆ 5 ತೆಗೆದುಕೊಂಡು ಏನು ಮಾಡುವುದು?

ಎರಡನೆಯದು ಎರರ್ ಬಜೆಟ್. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ನೂರಕ್ಕೆ ನೂರು ಕೆಲಸ ಮಾಡುವ ಸಿಸ್ಟಮ್ ಇಲ್ಲ. ನಾವು ಅಂಗಡಿಯವರಿಗೆ 99.9 ಅಂತ ಗುರಿ ಇಟ್ಟುಕೊಂಡೆವು. ಸಾವಿರ ಬಿಲ್ಲಿನಲ್ಲಿ ಒಂದು ಫೇಲ್ ಆಗಬಹುದು. ಆ ಒಂದೇ ನಮ್ಮ ಬಜೆಟ್. ಸಮಯದಲ್ಲಿ ಹೇಳುವುದಾದರೆ 30 ದಿನಕ್ಕೆ 43 ನಿಮಿಷ 12 ಸೆಕೆಂಡು. ಇನ್ನೊಂದು ಒಂಬತ್ತು ಸೇರಿಸಿ 99.99 ಅಂದರೆ 4 ನಿಮಿಷ 19 ಸೆಕೆಂಡು. ಮ್ಯಾನೇಜರ್‌ಗಳಿಗೆ ಒಂಬತ್ತು ಸೇರಿಸುವುದು ಬಹಳ ಇಷ್ಟ. ನಾಲ್ಕು ನಿಮಿಷದಲ್ಲಿ ನಾನು ಎದ್ದು, ಕನ್ನಡಕ ಹುಡುಕಿ, ಲ್ಯಾಪ್‌ಟಾಪ್ ತೆರೆದು, ವಿಪಿಎನ್ ಹಾಕುವುದೂ ಆಗುವುದಿಲ್ಲ ಅಂತ ಹೇಳಿದ ಮೇಲೆ ಆ ಮಾತು ನಿಂತಿತು.

ಈಗ ಅಲರ್ಟ್ ಬರೆಯುವುದು ಹೇಗೆ? ಒಂದೊಂದು ಎರರ್‌ಗೂ ಫೋನ್ ಮಾಡುವ ಹಾಗಿಲ್ಲ, ಬಜೆಟ್ ಇರುವುದೇ ಖರ್ಚು ಮಾಡುವುದಕ್ಕೆ. ನೋಡಬೇಕಾದ್ದು ಖರ್ಚಿನ ವೇಗ. ಇದೇ ವೇಗದಲ್ಲಿ ಹೋದರೆ ತಿಂಗಳ ಬಜೆಟ್ ಎಷ್ಟು ಹೊತ್ತಿಗೆ ಮುಗಿಯುತ್ತದೆ? ಗೂಗಲ್‌ನವರು ಸೂಚಿಸುವ ಒಂದು ಅಂಕಿ 14.4. ಮೊದಲು ನೋಡಿದಾಗ ಇದೆಂತ ಸಂಖ್ಯೆ, ಪಂಚಾಂಗದಿಂದ ತೆಗೆದದ್ದಾ ಅನಿಸಿತ್ತು. ಲೆಕ್ಕ ಸುಲಭ ಇದೆ. 30 ದಿನಕ್ಕೆ 720 ಗಂಟೆ. ಒಂದೇ ಗಂಟೆಯಲ್ಲಿ ಬಜೆಟ್ಟಿನ ಶೇ. 2 ಹೋದರೆ ಎಬ್ಬಿಸು ಅಂತ ನಿರ್ಧಾರ ಮಾಡಿದರೆ, 720ರ ಶೇ. 2 ಅಂದರೆ 14.4. 14.4 ಗಂಟೆಯ ಖರ್ಚು ಒಂದೇ ಗಂಟೆಯಲ್ಲಿ, ಅಂದರೆ ಮಾಮೂಲಿಗಿಂತ 14.4 ಪಟ್ಟು ವೇಗ. ಇದೇ ರೀತಿ ಹೋದರೆ 50 ಗಂಟೆಯಲ್ಲಿ ತಿಂಗಳ ಬಜೆಟ್ ಖಾಲಿ. ನಮ್ಮ 99.9ಕ್ಕೆ ಅದು ಶೇ. 1.44 ಎರರ್ (0.1ರ 14.4 ಪಟ್ಟು). ಒಂದು ಗಂಟೆಯ ಸರಾಸರಿಯೂ ಅದನ್ನು ದಾಟಬೇಕು, ಕೊನೆಯ ಐದು ನಿಮಿಷವೂ ದಾಟಿರಬೇಕು. ಐದು ನಿಮಿಷದ ಷರತ್ತು ಯಾಕೆಂದರೆ, ತೊಂದರೆ ಆಗಲೇ ಮುಗಿದಿದ್ದರೆ ಸುಮ್ನೆ ಯಾಕೆ ಎಬ್ಬಿಸುವುದು?

ಇದರ ಕೆಳಗೆ ನಿಧಾನದ ಖರ್ಚಿಗೆ ಬೇರೆ ರೂಲ್‌ಗಳಿವೆ. ಆರು ಗಂಟೆಯ ಸರಾಸರಿ ಆರು ಪಟ್ಟು ಇದ್ದರೆ ಅದಕ್ಕೂ ಫೋನು. ಮೂರು ದಿನದಿಂದ ಸ್ವಲ್ಪ ಸ್ವಲ್ಪ ಸೋರುತ್ತಿದ್ದರೆ ಟಿಕೆಟ್, ಅಂದರೆ ಮಾಡಬೇಕಾದ ಕೆಲಸ ಅಂತ ಒಂದು ನಮೂದು, ಸಾಕು, ಬೆಳಿಗ್ಗೆ ಕಾಫಿ ಕುಡಿದು ನೋಡಬಹುದು.

ಇಷ್ಟನ್ನು ಓದಿ ಹಾಗೆಯೇ ಹಾಕಿದರೆ ಆಯಿತಾ? ಇಲ್ಲ. ನಮ್ಮ ರಾತ್ರಿ ಮೆಡಿಕಲ್‌ನವರನ್ನು ನೆನಪಿಸಿಕೊಳ್ಳಿ. ರಾತ್ರಿ ಮೂರರಿಂದ ನಾಲ್ಕರ ನಡುವೆ ಇಡೀ ಸಿಸ್ಟಮ್‌ನಲ್ಲಿ 40 ಬಿಲ್ ಅಂತ ಇಟ್ಟುಕೊಳ್ಳಿ. ಒಂದು ಫೇಲ್ ಆದರೆ ಶೇ. 2.5. ಗಡಿ 1.44. ಕೊನೆಯ ಐದು ನಿಮಿಷದಲ್ಲಿ ಮೂರು ಬಿಲ್, ಅದರಲ್ಲಿ ಒಂದು ಫೇಲ್ ಅಂದರೆ ಶೇ. 33. ಎರಡೂ ಷರತ್ತು ದಾಟಿತು, ಫೋನು ಬಂತು. ಯಾರೋ ಒಬ್ಬರ ಮೊಬೈಲ್ ನೆಟ್‌ವರ್ಕ್ ಮಧ್ಯದಲ್ಲಿ ಕೈಕೊಟ್ಟದ್ದಕ್ಕೆ ಬಜೆಟ್ ಮುಳುಗಿತು ಅಂತ ಬೊಬ್ಬೆ. ದೊಡ್ಡ ಕಂಪನಿಗಳ ಲೆಕ್ಕ ಸಣ್ಣ ಟ್ರಾಫಿಕ್‌ಗೆ ಹೊಂದುವುದಿಲ್ಲ ಅನ್ನುವುದು ಬಹಳ ಜನಕ್ಕೆ ಹೊಳೆಯುವುದಿಲ್ಲ.

ನಾವು ಎರಡು ಕೆಲಸ ಮಾಡಿದೆವು. ಒಂದು, ಶೇಕಡಾವಾರಿನ ಜೊತೆಗೆ ಕನಿಷ್ಠ ಇಷ್ಟು ಬಿಲ್ ಫೇಲ್ ಆಗಿರಬೇಕು ಅನ್ನುವ ಷರತ್ತು ಸೇರಿಸಿದೆವು. ಎರಡು, ನಮ್ಮದೇ ಒಂದು ಸುಳ್ಳು ಅಂಗಡಿ ತೆರೆದೆವು. ಮುಂಬೈನಿಂದ ಮತ್ತು ಹೈದರಾಬಾದಿನಿಂದ ಒಂದು ಸಣ್ಣ ಪ್ರೋಗ್ರಾಂ ಪ್ರತಿ ನಿಮಿಷ ಆ ಅಂಗಡಿಯಲ್ಲಿ ಒಂದು ಸಾಬೂನು ಮಾರಿ ಬಿಲ್ ಹಾಕುತ್ತದೆ. ಎರಡೂ ಕಡೆಯಿಂದ ಸತತ ಮೂರು ಸಲ ಬಿಲ್ ಬರದಿದ್ದರೆ ಫೋನು. ರಾತ್ರಿ ಗಿರಾಕಿ ಇಲ್ಲದ ಹೊತ್ತಿನಲ್ಲೂ ಅಂಗಡಿ ತೆರೆದಿದೆಯಾ ಅಂತ ಗೊತ್ತಾಗುತ್ತದೆ. ಆರಂಭದಲ್ಲಿ ಒಂದು ತಮಾಷೆ ಆಯಿತು. ಬೆಂಗಳೂರಿನ ಸೇಲ್ಸ್ ತಂಡದವರೊಬ್ಬರು ಫೋನ್ ಮಾಡಿ, "ಮೇಡಂ, ಒಂದು ಅಂಗಡಿ ಹಗಲು ರಾತ್ರಿ ಸಾಬೂನು ಮಾರ್ತಾ ಇದೆ, ಟಾಪ್ ಕಸ್ಟಮರ್ ಲಿಸ್ಟಿಗೆ ಬಂದಿದೆ, ಓನರ್ ಯಾರು?" ಅಂತ ಕೇಳಿದರು. ಆಮೇಲೆ ಆ ಅಂಗಡಿಯನ್ನು ರಿಪೋರ್ಟ್‌ಗಳಿಂದ ಹೊರಗಿಟ್ಟರು.

ಇನ್ನು ಡಿಸ್ಕ್. ಡಿಸ್ಕ್ ತುಂಬಿದರೆ ಡೇಟಾಬೇಸ್ ನಿಂತೇ ನಿಲ್ಲುತ್ತದೆ, ಹಾಗಾಗಿ ಇದೊಂದು ಕಾರಣಕ್ಕೆ ಮೊದಲೇ ಎಬ್ಬಿಸುವುದು ಸರಿ. ಆದರೆ ಶೇ. 85 ಅನ್ನುವ ರೂಲ್ ಸರಿಯಲ್ಲ. ಎರಡು ವರ್ಷದಿಂದ 86ರಲ್ಲೇ ಕೂತಿರುವ ಡಿಸ್ಕ್‌ನಿಂದ ಯಾರಿಗೂ ಅಪಾಯ ಇಲ್ಲ. ಹತ್ತು ನಿಮಿಷದಲ್ಲಿ 40ರಿಂದ 60ಕ್ಕೆ ಏರಿದ ಡಿಸ್ಕ್ ಅಪಾಯ. ಪ್ರೊಮೀಥಿಯಸ್‌ನಲ್ಲಿ ಇದಕ್ಕೆಂದೇ ಪ್ರೆಡಿಕ್ಟ್ ಲೀನಿಯರ್ ಅನ್ನುವ ಫಂಕ್ಷನ್ ಇದೆ. ಹಿಂದಿನ ಕೆಲವು ಗಂಟೆಯ ಏರಿಕೆಗೆ ಒಂದು ಗೆರೆ ಎಳೆದು, ಮುಂದೆ ಎಲ್ಲಿಗೆ ಮುಟ್ಟುತ್ತದೆ ಅಂತ ಹೇಳುತ್ತದೆ. ನಾಲ್ಕು ಗಂಟೆಯೊಳಗೆ ತುಂಬುವ ಹಾಗಿದ್ದರೆ ಫೋನು, ನಾಲ್ಕು ದಿನದೊಳಗೆ ಅಂದರೆ ಟಿಕೆಟ್. ಈ ಪ್ರೊಮೀಥಿಯಸ್ ಅನ್ನು 2012ರಲ್ಲಿ ಹಾಡು ಕೇಳಿಸುವ ಸೌಂಡ್‌ಕ್ಲೌಡ್ ಕಂಪನಿಯವರು ತಮ್ಮ ಉಪಯೋಗಕ್ಕೆ ಅಂತ ಶುರು ಮಾಡಿದ್ದು. ಗಣಿತದ ಫಂಕ್ಷನ್‌ಗಳನ್ನು ನೋಡಿದರೆ ಬರೆದವರೂ ರಾತ್ರಿ ಎದ್ದವರೇ ಅನಿಸುತ್ತದೆ.

ಕಳೆದ ಮಳೆಗಾಲದಲ್ಲಿ ಈ ಹೊಸ ರೂಲ್‌ನಿಂದ ಬಂದ ಒಂದು ಫೋನಿನ ಕತೆ ಹೇಳುತ್ತೇನೆ. ಎಚ್ಚರಾಗಿ ನೋಡಿದರೆ ಆ್ಯಪ್ ಸರ್ವರ್ ಒಂದರಲ್ಲಿ ಡಿಸ್ಕ್ ಶೇ. 94, ಏರುತ್ತಲೇ ಇದೆ. ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಕಮಾಂಡ್ 94 ಅನ್ನುತ್ತದೆ. ಎಲ್ಲಿ ತುಂಬಿದೆ ಅಂತ ಡಿಯು ಕಮಾಂಡ್ ಹಾಕಿ ಡೈರೆಕ್ಟರಿಗಳನ್ನೆಲ್ಲ ಕೂಡಿಸಿದರೆ ಅರ್ಧ ಡಿಸ್ಕ್ ಕೂಡ ಆಗುವುದಿಲ್ಲ. ಉಳಿದ ಅರ್ಧ ಎಲ್ಲಿಗೆ ಹೋಯಿತು? ಐನೋಡ್ (ಪ್ರತಿ ಫೈಲಿಗೂ ಒಂದು ಬೇಕಾಗುವ ದಾಖಲೆ) ಮುಗಿದಿದೆಯಾ ಅಂತ ನೋಡಿದೆ, ಬೇಕಾದಷ್ಟಿದೆ.

ಇದು ಹಳೆಯ ರೋಗ. ಗೊತ್ತಿದ್ದವರಿಗೆ ಎರಡು ನಿಮಿಷ, ಇಲ್ಲದವರಿಗೆ ಬೆಳಗಿನವರೆಗೆ ತಪಸ್ಸು. ಲಿನಕ್ಸ್‌ನಲ್ಲಿ ಫೈಲ್ ಅಳಿಸುವುದು ಅಂದರೆ ಡೈರೆಕ್ಟರಿಯಿಂದ ಅದರ ಹೆಸರು ತೆಗೆಯುವುದು ಮಾತ್ರ. ಯಾವುದಾದರೂ ಪ್ರೋಗ್ರಾಂ ಅದನ್ನು ತೆರೆದು ಹಿಡಿದುಕೊಂಡಿದ್ದರೆ, ಅದು ಬಿಡುವವರೆಗೆ ಕರ್ನೆಲ್ ಆ ಜಾಗವನ್ನು ವಾಪಸ್ ಕೊಡುವುದಿಲ್ಲ. ಡಿಯು ಹೆಸರು ಹಿಡಿದು ಹುಡುಕುತ್ತದೆ, ಹೆಸರಿಲ್ಲದ್ದು ಅದಕ್ಕೆ ಕಾಣುವುದಿಲ್ಲ. ಡಿಎಫ್ ಫೈಲ್ ಸಿಸ್ಟಮ್‌ನ ಲೆಕ್ಕ ನೋಡುತ್ತದೆ, ಅದಕ್ಕೆ ಕಾಣುತ್ತದೆ. ತೆರೆದಿರುವ ಫೈಲುಗಳನ್ನು ತೋರಿಸುವ ಎಲ್‌ಎಸ್‌ಓಎಫ್‌ಗೆ (lsof) ಪ್ಲಸ್ ಎಲ್ ಒಂದು (+L1) ಅಂತ ಕೊಟ್ಟರೆ ಹೀಗೆ ಹೆಸರು ಕಳೆದುಕೊಂಡೂ ಬದುಕಿರುವ ಫೈಲುಗಳ ಪಟ್ಟಿ ಬರುತ್ತದೆ. ಬಂತು. ದೊಡ್ಡ ಗಾತ್ರದ ಒಂದು ಲಾಗ್ (ಪ್ರೋಗ್ರಾಂ ಬರೆಯುವ ದಿನಚರಿ) ಫೈಲು, ಪಕ್ಕದಲ್ಲಿ ಡಿಲೀಟೆಡ್ ಅಂತ. ಲಾಗ್‌ಗಳನ್ನು ಆಗಾಗ ಬದಲಿಸುವ ಲಾಗ್‌ರೊಟೇಟ್ ಹಳೆಯ ಫೈಲನ್ನು ಅಳಿಸಿದೆ, ಆದರೆ ಹೊಸ ಫೈಲಿಗೆ ಬರಿ ಅಂತ ಪ್ರೋಗ್ರಾಂಗೆ ಹೇಳುವ ಸಿಗ್ನಲ್ ಹೋಗಿಲ್ಲ. ಅದು ಪಾಪ ಇಲ್ಲದ ಫೈಲಿಗೆ ಬರೆಯುತ್ತಲೇ ಇದೆ. ಸರ್ವಿಸನ್ನು ರೀಸ್ಟಾರ್ಟ್ ಮಾಡಿದೆ, ಡಿಸ್ಕ್ 41ಕ್ಕೆ ಇಳಿಯಿತು. ಕಾನ್ಫಿಗ್ ಸರಿ ಮಾಡುವುದು ಬೆಳಗಿನ ಟಿಕೆಟ್.

ಹೀಗೆ ಎಬ್ಬಿಸಿದರೆ ನನಗೆ ಬೇಜಾರಿಲ್ಲ. ಮಾಡಲು ಕೆಲಸ ಇತ್ತು, ಆಗಲೇ ಮಾಡಬೇಕಿತ್ತು, ಮನುಷ್ಯರೇ ಮಾಡಬೇಕಿತ್ತು.

ಇದನ್ನು ರನ್‌ಬುಕ್‌ನಲ್ಲಿ, ಅಂದರೆ ಅಲರ್ಟ್ ಬಂದಾಗ ಏನು ಮಾಡಬೇಕು ಅನ್ನುವ ಟಿಪ್ಪಣಿಯಲ್ಲಿ, ಬರೆದಿಟ್ಟಿದ್ದೇನೆ. ನಮ್ಮಲ್ಲಿ ಈಗ ರನ್‌ಬುಕ್ ಲಿಂಕ್ ಇಲ್ಲದ ಅಲರ್ಟನ್ನು ಸಿಐ (ಬದಲಾವಣೆಗಳನ್ನು ತಾನಾಗಿ ಪರೀಕ್ಷಿಸುವ ವ್ಯವಸ್ಥೆ) ಒಳಗೇ ಬಿಡುವುದಿಲ್ಲ, ಬದಲಾವಣೆ ಸೇರಿಸಿ ಅಂತ ಕಳಿಸಿದ ಪುಲ್ ರಿಕ್ವೆಸ್ಟ್ ಅಲ್ಲಿಯೇ ಕೆಂಪು. ರನ್‌ಬುಕ್‌ನಲ್ಲಿ ಆರ್ಕಿಟೆಕ್ಚರ್ ಚಿತ್ರ, ಪೀಠಿಕೆ ಏನೂ ಬೇಡ. ಮೊದಲ ಸಾಲೇ ಕಮಾಂಡ್ ಇರಲಿ. ಎರಡನೆಯದು, ಏನು ಕಂಡರೆ ಎಲ್ಲಿಗೆ ಹೋಗಬೇಕು. ಮೂರನೆಯದು, ಕೈಯಲ್ಲಿ ಆಗದಿದ್ದರೆ ಯಾರಿಗೆ ಫೋನ್ ಮಾಡಬೇಕು. ಅರ್ಧ ನಿದ್ದೆಯಲ್ಲಿ ಇರುವವರಿಗೆ ಬರೆಯುತ್ತಿದ್ದೇವೆ ಅಂತ ನೆನಪಿದ್ದರೆ ತಾನಾಗಿಯೇ ಚಿಕ್ಕದಾಗುತ್ತದೆ.

ಈಗ ಒಂದು ಕಷ್ಟದ ಪ್ರಶ್ನೆ. ಫೋನ್ ಮಾಡುವವನೇ ಸತ್ತರೆ? ಅಲರ್ಟ್ ಬರಲಿಲ್ಲ ಅಂದರೆ ಎಲ್ಲ ಸರಿ ಇದೆ ಅಂತಲೂ ಆಗಬಹುದು, ಪ್ರೊಮೀಥಿಯಸ್ ಮಲಗಿದೆ ಅಂತಲೂ ಆಗಬಹುದು. 2017ರ ಜನವರಿ 31ರಂದು ಕೋಡ್ ಇಡುವ ತಾಣ ಗಿಟ್‌ಲ್ಯಾಬ್‌ನಲ್ಲಿ ಆದದ್ದನ್ನು ಅವರೇ ವಿವರವಾಗಿ ಬರೆದಿದ್ದಾರೆ. ತಪ್ಪು ಸರ್ವರ್‌ನಲ್ಲಿ ಅಳಿಸುವ ಕಮಾಂಡ್ ಹೊಡೆದು ಸುಮಾರು 300 ಜಿಬಿ ಡೇಟಾಬೇಸ್ ಹೋಯಿತು. ಎಲ್ಲರೂ ಹೇಳುವುದು ಈ ಭಾಗ. ನನಗೆ ಮುಖ್ಯ ಅನಿಸಿದ್ದು ಅದರ ಹಿಂದಿನದು. ದಿನಾ ಬ್ಯಾಕಪ್ ಹೋಗಬೇಕಾದ ಜಾಗ ತೆರೆದು ನೋಡಿದರೆ ಖಾಲಿ. ಡೇಟಾಬೇಸ್ ಪೋಸ್ಟ್‌ಗ್ರೆಸ್ 9.6, ಬ್ಯಾಕಪ್ ತೆಗೆಯುವ ಪ್ರೋಗ್ರಾಂ 9.2ರದ್ದು, ಹಾಗಾಗಿ ಬ್ಯಾಕಪ್ ಫೇಲ್ ಆಗುತ್ತಿತ್ತು. ಫೇಲ್ ಆಯಿತು ಅಂತ ಮೇಲ್ ಕೂಡ ಹೋಗುತ್ತಿತ್ತು. ಆದರೆ ಆ ಮೇಲ್, ನಕಲಿ ಮೇಲ್ ತಡೆಯುವ ಡಿಮಾರ್ಕ್ ನಿಯಮಕ್ಕೆ ಸರಿಹೊಂದದೆ ತಿರಸ್ಕಾರ ಆಗುತ್ತಿತ್ತು. ಒಂದೂ ಯಾರ ಕೈಗೂ ಸೇರಲಿಲ್ಲ. ಕೊನೆಗೆ ಅದೃಷ್ಟಕ್ಕೆ ಯಾರೋ ಆರು ಗಂಟೆ ಮುಂಚೆ ಕೈಯಿಂದ ತೆಗೆದಿಟ್ಟ ಸ್ನ್ಯಾಪ್‌ಶಾಟ್ (ಆ ಕ್ಷಣದ ನಕಲು) ಸಿಕ್ಕಿತು.

ನಮ್ಮಲ್ಲಿ ಇದಕ್ಕೆ ವಾಚ್‌ಡಾಗ್ ಅಂತ ಒಂದು ಅಲರ್ಟ್ ಇದೆ. ಅದು ಯಾವಾಗಲೂ ಉರಿಯುತ್ತಲೇ ಇರುತ್ತದೆ, ಬದುಕಿದ್ದೇನೆ ಅಂತ ಹೊರಗಿನ ಬೇರೊಂದು ಸರ್ವಿಸ್‌ಗೆ ಬಿಡದೆ ಬಡಿಯುತ್ತಿರುತ್ತದೆ. ಬಡಿತ ನಿಂತರೆ ಆ ಹೊರಗಿನವರು ನಮಗೆ ಫೋನ್ ಮಾಡುತ್ತಾರೆ. ಹೊರಗಿನದು ಅಂದರೆ ನಿಜವಾಗಿ ಹೊರಗಿರಬೇಕು. ಅದೇ 2017ರ ಫೆಬ್ರವರಿ 28ರಂದು ಅಮೆಜಾನ್‌ನ ಫೈಲು ಇಡುವ ಸೇವೆ ಎಸ್3 ಬಿದ್ದಾಗ, ಏನೇನು ಬಿದ್ದಿದೆ ಅಂತ ತೋರಿಸುವ ಅವರ ಸ್ಟೇಟಸ್ ಪುಟವನ್ನೇ ಬಹಳ ಹೊತ್ತು ಬದಲಿಸಲು ಆಗಲಿಲ್ಲ. ಆ ಪುಟವನ್ನು ನಡೆಸುವ ವ್ಯವಸ್ಥೆಯೂ ಎಸ್3 ಮೇಲೆಯೇ ನಿಂತಿತ್ತು.

ಕಾಸರಗೋಡಿನಲ್ಲಿ ಕೂತು ಆನ್‌ಕಾಲ್ ಮಾಡುವವರಿಗೆ ಈ ಕೊನೆಯ ಮಾತು ಬೇಗ ಅರ್ಥ ಆಗುತ್ತದೆ. ನಮ್ಮ ಮನೆಗೆ ಬರುವ ಫೈಬರ್ ಕೇಬಲ್ ಕರೆಂಟು ಕಂಬದ ಮೇಲೆಯೇ ಬರುತ್ತದೆ. ಮರ ಬಿದ್ದರೆ ಎರಡೂ ಒಟ್ಟಿಗೆ ಹೋಗುತ್ತದೆ. ಮೊಬೈಲ್ ಇದೆಯಲ್ಲ ಅಂತೀರಾ? ಟವರ್‌ಗೂ ಅದೇ ಕರೆಂಟು. ಬ್ಯಾಟರಿ ಇರುವಷ್ಟು ಹೊತ್ತು ಸಿಗ್ನಲ್, ಆಮೇಲೆ ಗುಡ್ಡೆ ಹತ್ತಬೇಕು. ಹಾಗಾಗಿ ರೌಟರ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಇಟ್ಟಿದ್ದೇನೆ, ಫೋನಿನಲ್ಲಿ ಬೇರೆ ಬೇರೆ ಕಂಪನಿಯ ಎರಡು ಸಿಮ್. ಅಲರ್ಟ್ ಮೊದಲು ಆ್ಯಪ್‌ಗೆ ಬರುತ್ತದೆ, ಆದರೆ ಡೇಟಾ ಇಲ್ಲದಿದ್ದರೂ ಮಾಮೂಲಿ ಕಾಲ್ ಬರುವ ಹಾಗೆ ಇಟ್ಟಿದ್ದೇನೆ. ಐದು ನಿಮಿಷದಲ್ಲಿ ನಾನು ಉತ್ತರ ಕೊಡದಿದ್ದರೆ ಎರಡನೆಯವರಿಗೆ ಹೋಗುತ್ತದೆ.

ಈ ಎರಡನೆಯವರು ಯಾರು ಅನ್ನುವುದರ ಬಗ್ಗೆ ನಾನು ಹಟ ಹಿಡಿದಿದ್ದೇನೆ. ನಮ್ಮ ತಂಡದಲ್ಲಿ ಪುತ್ತೂರಿನವನೊಬ್ಬ ಇದ್ದಾನೆ, ಒಳ್ಳೆಯ ಹುಡುಗ, ಅವನೂ ಊರಿನಿಂದಲೇ ಕೆಲಸ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮಿಬ್ಬರನ್ನು ಒಟ್ಟಿಗೆ ಹಾಕಬೇಡಿ ಅಂದೆ. ಇಲ್ಲಿ ಸುರಿಯುವ ಮಳೆ ಅಲ್ಲೂ ಸುರಿಯುತ್ತದೆ. ನನ್ನ ಜೊತೆಗೆ ಈಗ ಹುಬ್ಬಳ್ಳಿಯವರು. ರಜೆಯ ಲೆಕ್ಕದಲ್ಲಿ ಮಾತ್ರ ಗಡಿನಾಡಿನವಳಾದ್ದರಿಂದ ಲಾಭವೇ. ನವೆಂಬರ್ 1ರಂದು ಬೆಂಗಳೂರಿನವರಿಗೆಲ್ಲ ರಾಜ್ಯೋತ್ಸವದ ರಜೆ, ನಮ್ಮ ಕಡೆ ಮಕ್ಕಳು ಶಾಲೆಗೆ ಹೋಗುವ ದಿನ. ಆವತ್ತಿನ ಆನ್‌ಕಾಲ್ ನಾನೇ ತೆಗೆದುಕೊಳ್ಳುತ್ತೇನೆ. ಓಣಂಗೆ ಇಲ್ಲಿ ಮಕ್ಕಳಿಗೆ ರಜೆ, ಮನೆ ತುಂಬ ನೆಂಟರು, ಆಗ ಅವರು ನನ್ನದನ್ನು ತೆಗೆದುಕೊಳ್ಳುತ್ತಾರೆ. ದೀಪಾವಳಿಗೆ ಮಾತ್ರ ಚೀಟಿ ಎತ್ತಬೇಕು.

ಸಿಗ್ನಲ್ ಒಂದು ಕಡ್ಡಿ ಇರುವಾಗ ಕೆಲಸ ಮಾಡಲು ಮಾಶ್ ಅನ್ನುವ ಪ್ರೋಗ್ರಾಂ ಇದೆ. ದೂರದ ಸರ್ವರ್‌ಗೆ ಹೋಗುವ ಮಾಮೂಲಿ ದಾರಿ ಎಸ್‌ಎಸ್‌ಎಚ್ ಆದರೆ ನೆಟ್‌ವರ್ಕ್ ಬದಲಾದ ಕೂಡಲೇ ಸತ್ತು ಹೋಗುತ್ತದೆ. ಮಾಶ್, ಸಂಪರ್ಕ ಕಟ್ಟದೆಯೇ ಡೇಟಾ ಕಳಿಸುವ ಯುಡಿಪಿ ಮೇಲೆ ನಡೆಯುತ್ತದೆ, ವೈಫೈ ಹೋಗಿ ಮೊಬೈಲ್ ಡೇಟಾ ಬಂದರೂ ಹಿಡಿದದ್ದನ್ನು ಬಿಡುವುದಿಲ್ಲ. ಸರ್ವರ್ ಬದಿಯಲ್ಲಿ ಟಿಮಕ್ಸ್ ಇದ್ದರೆ ಲ್ಯಾಪ್‌ಟಾಪ್ ಆಫ್ ಆದರೂ ಓಡುತ್ತಿದ್ದ ಕಮಾಂಡ್ ಓಡುತ್ತಲೇ ಇರುತ್ತದೆ. ಮಳೆಗಾಲದಲ್ಲಿ ನಾನು ಗ್ರಫಾನಾ ತೆರೆಯುವುದು ಕಮ್ಮಿ. ಡ್ಯಾಶ್‌ಬೋರ್ಡ್ ಅರ್ಧ ಲೋಡ್ ಆಗುವಷ್ಟರಲ್ಲಿ ಟರ್ಮಿನಲ್‌ನಲ್ಲಿ ಉತ್ತರ ಸಿಕ್ಕಿರುತ್ತದೆ. ಬೆಂಗಳೂರಿನವರು ಹೊಸ ಟೂಲ್ ಡೆಮೊ ಕೊಡುವಾಗ ನಾನು ಕೇಳುವ ಮೊದಲ ಪ್ರಶ್ನೆ, ಇದು 2ಜಿಯಲ್ಲಿ ತೆರೆಯುತ್ತದಾ? ಎಲ್ಲರೂ ನಗುತ್ತಾರೆ. ನಾನು ತಮಾಷೆಗೆ ಕೇಳುವುದಲ್ಲ.

ಪ್ರೊಮೀಥಿಯಸ್‌ನ ಅಲರ್ಟ್‌ಗಳನ್ನು ನಮಗೆ ಮುಟ್ಟಿಸುವ ಅಲರ್ಟ್‌ಮ್ಯಾನೇಜರ್‌ನ ಬಗ್ಗೆ ಒಂದು ಮಾತು. ಇದರಲ್ಲಿ ಗುಂಪು ಮಾಡುವುದು, ಒಂದು ಅಲರ್ಟ್ ಇದ್ದರೆ ಇನ್ನೊಂದನ್ನು ಅದುಮುವುದು ಎರಡೂ ಇದೆ. ಡೇಟಾಬೇಸ್ ಬಿದ್ದರೆ ಅದನ್ನು ನಂಬಿದ ಹತ್ತಾರು ಸರ್ವಿಸ್ ಬೀಳುತ್ತವೆ. ಎಲ್ಲದರ ಫೋನೂ ಬಂದರೆ ಮೂಲ ಯಾವುದು ಅಂತ ಹುಡುಕುವುದೇ ಒಂದು ಕೆಲಸ. ಡೇಟಾಬೇಸ್ ಅಲರ್ಟ್ ಇರುವಾಗ ಉಳಿದವು ಸುಮ್ಮನಿರಲಿ ಅಂತ ಬರೆಯಬಹುದು. ಕೆಲವೇ ಸಾಲು. ಆದರೂ ಹೆಚ್ಚಿನವರು ಬರೆದಿರುವುದಿಲ್ಲ.

ಹಳೆಯ ಅಲರ್ಟ್‌ಗಳನ್ನು ತೆಗೆಯುವ ಹೆದರಿಕೆಗೆ ಕಂಡುಕೊಂಡ ದಾರಿ ಹೀಗಿದೆ. ತಿಂಗಳಿಗೊಮ್ಮೆ ಕೂರುತ್ತೇವೆ. ಆ ತಿಂಗಳು ಬಂದ ಪ್ರತಿ ಫೋನನ್ನೂ ಎದುರಿಗಿಟ್ಟು ಕೇಳುವುದು ಒಂದೇ, ಎದ್ದವರು ಏನು ಮಾಡಿದಿರಿ? "ನೋಡಿ ಮಲಗಿದೆ" ಅಂತ ಉತ್ತರ ಬಂದರೆ ಆ ಅಲರ್ಟ್‌ಗೆ ಹಿಂಬಡ್ತಿ. ಡಿಲೀಟ್ ಮಾಡುವುದಿಲ್ಲ, ಫೋನಿನಿಂದ ಟಿಕೆಟ್‌ಗೆ ಇಳಿಸುತ್ತೇವೆ. ಟಿಕೆಟ್‌ನಲ್ಲೂ ಯಾರೂ ಮುಟ್ಟದೆ ಬಿದ್ದಿದ್ದರೆ ಮುಂದಿನ ಸಲ ತೆಗೆಯುತ್ತೇವೆ. ಅಷ್ಟರಲ್ಲಿ ಮ್ಯಾನೇಜರ್‌ಗೂ ಧೈರ್ಯ ಬಂದಿರುತ್ತದೆ. ಸಿಪಿಯು 80 ಹೋದದ್ದು ಹೀಗೆ. ಅದಿಲ್ಲ ಅಂತ ಒಬ್ಬರೂ ಕೇಳಲಿಲ್ಲ.

ಈಗ ಮುಂದೆ ಬರುವ ತಲೆನೋವು ಟಿಎಲ್‌ಎಸ್ ಸರ್ಟಿಫಿಕೇಟ್, ಇದು ಅಸಲಿ ಸೈಟೇ ಅಂತ ಬ್ರೌಸರ್‌ಗೆ ತೋರಿಸುವ ಪತ್ರ. ಹಿಂದೆ ವರ್ಷಕ್ಕೊಮ್ಮೆ ಹಾಕಿದರೆ ಮುಗಿಯುತ್ತಿತ್ತು. ಈಗ ಆಯಸ್ಸು ಕಮ್ಮಿ ಮಾಡುತ್ತಾ ಬಂದಿದ್ದಾರೆ. 2026ರ ಮಾರ್ಚ್ 15ರಿಂದ ಹೆಚ್ಚೆಂದರೆ 200 ದಿನ, 2027ರ ಮಾರ್ಚ್‌ನಿಂದ 100, 2029ರ ಮಾರ್ಚ್‌ನಿಂದ 47. ಮುಗಿಯುತ್ತಾ ಬಂತು ಅಂತ, ಸರ್ಟಿಫಿಕೇಟನ್ನು ಪುಕ್ಕಟೆ ಕೊಡುವ ಲೆಟ್ಸ್ ಎನ್‌ಕ್ರಿಪ್ಟ್‌ನವರು ಕಳಿಸುತ್ತಿದ್ದ ನೆನಪಿನ ಮೇಲ್ ಕೂಡ 2025ರ ಜೂನ್‌ನಲ್ಲಿ ನಿಂತಿತು. ಕೈಯಿಂದ ಬದಲಿಸುವವರಿಗೆ ಇನ್ನು ಅದೇ ಕೆಲಸ ಆಗುತ್ತದೆ. ತಾನಾಗಿ ನವೀಕರಣ ಆಗುವ ಹಾಗೆ ಇಟ್ಟವರಿಗೂ ಒಂದು ಗುಂಡಿ ಇದೆ. ಹೊಸ ಸರ್ಟಿಫಿಕೇಟ್ ಡಿಸ್ಕ್‌ನಲ್ಲಿ ಬಂದು ಕೂತಿರುತ್ತದೆ, ವೆಬ್ ಸರ್ವರ್ ಎಂಜಿನ್‌ಎಕ್ಸ್ ಮಾತ್ರ ರೀಲೋಡ್ ಆಗದೆ ಹಳೆಯದನ್ನೇ ಕೊಡುತ್ತಿರುತ್ತದೆ. ಆದ್ದರಿಂದ ಡಿಸ್ಕ್‌ನ ಫೈಲಿನ ತಾರೀಕು ನೋಡಿ ಪ್ರಯೋಜನ ಇಲ್ಲ. ಬ್ಲ್ಯಾಕ್‌ಬಾಕ್ಸ್ ಎಕ್ಸ್‌ಪೋರ್ಟರ್ ಹಾಕಿ, ಹೊರಗಿನಿಂದ ಗಿರಾಕಿಯ ಹಾಗೆ ಬಂದು, ಕೈಗೆ ಸಿಕ್ಕಿದ ಸರ್ಟಿಫಿಕೇಟಿನ ತಾರೀಕು ನೋಡಬೇಕು. 14 ದಿನ ಉಳಿದಾಗ ಟಿಕೆಟ್. ಎರಡು ದಿನ ಉಳಿದಾಗ ಫೋನು, ಅದೂ ಹಗಲಿನಲ್ಲಿ.

ಇದರಲ್ಲಿ ಪುತ್ತೂರಿನವನಿಗೂ ನನಗೂ ಒಮ್ಮತ ಇಲ್ಲ. ಎರಡು ದಿನ ಅಂದರೆ ರಾತ್ರಿಯೂ ಎಬ್ಬಿಸಲಿ ಅನ್ನುತ್ತಾನೆ ಅವನು. 48 ಗಂಟೆ ಇದೆಯಲ್ಲ ಮಾರಾಯ, ಏಳು ಗಂಟೆಗೆ ನೋಡಿದರೆ ಯಾರ ಗಂಟು ಹೋಗುತ್ತದೆ ಅಂತ ನನ್ನ ವಾದ. ಸದ್ಯಕ್ಕೆ ಯಾಮಲ್ ಫೈಲಿನಲ್ಲಿ ನನ್ನ ಮಾತು ನಡೆದಿದೆ. ಅವನ ಪುಲ್ ರಿಕ್ವೆಸ್ಟ್ ಇನ್ನೂ ತೆರೆದೇ ಇದೆ, ಕೆಳಗೆ ನಾವಿಬ್ಬರೂ ಬರೆದ ಕಾಮೆಂಟುಗಳು ಉದ್ದವಾಗುತ್ತಾ ಹೋಗುತ್ತಿವೆ.